ಕೀಪ್ಯಾಡ್ ಫೋನು, ರೇಡಿಯೊ, ಸ್ಟಾರ್ಟರ್ ಡಬ್ಬಿ: ಹಳೆ ಸಾಮಾನು ಒಗೆಯೋ ಮುಂಚೆ ಇದನ್ನು ಓದಿ

ಹೋದ ಮಳೆಗಾಲದಲ್ಲಿ ನಮ್ಮೂರಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಕಲಬುರಗಿ ಜಿಲ್ಲೆ, ಜೇವರ್ಗಿ ತಾಲೂಕು, ಭೀಮಾ ನದಿ ಕಡೆಯ ಊರು ನಮ್ಮದು. ಗಾಳಿಗೆ ಎರಡು ಕಂಬ ಬಿದ್ದಿದ್ದವು. ಮೊದಲ ದಿನ ಸಂಜೆಗೇ ಮನೆಯ ಎರಡೂ ಟಚ್ ಫೋನ್ ಬಂದ್ ಆದವು. ಮರುದಿನ ಅಕ್ಕಪಕ್ಕದ ಮನೆಯವರದೂ ಹೋದವು. ಅವ್ವನ ಕೀಪ್ಯಾಡ್ ಫೋನಲ್ಲಿ ಮಾತ್ರ ಇನ್ನೂ ಎರಡು ಗೀಟು ಚಾರ್ಜ್ ಇತ್ತು. ಪುಣೆಗೆ ದುಡಿಯಲು ಹೋದ ಮಗನ ಜೊತೆ ಮಾತಾಡೋರು, ಕಲಬುರಗಿ ದವಾಖಾನೆಯಲ್ಲಿ ಮಲಗಿದ್ದ ಅಪ್ಪನನ್ನು ವಿಚಾರಿಸೋರು, ಎಲ್ಲರೂ ನಮ್ಮ ಕಟ್ಟೆಗೆ ಬಂದು ಆ ಒಂದೇ ಫೋನಿಂದ ಮಾತಾಡಿ ಹೋದರು.

ಅದಕ್ಕೂ ಎರಡು ತಿಂಗಳ ಮುಂಚೆ ನನ್ನ ತಮ್ಮ ಬೆಂಗಳೂರಿಂದ ಬಂದಿದ್ದ. "ಅಣ್ಣಾ, ಅವ್ವನ ಕೈಯಾಗ ಇನ್ನಾ ಇದೇ ಫೋನೇನು? ಒಗಿ ಅದನ್ನ, ನಾ ಹೊಸಾದು ಕಳಿಸ್ತೀನಿ" ಅಂದಿದ್ದ. "ಕಳಿಸು ತಮ್ಮಾ, ಬ್ಯಾಡ ಅನ್ನಂಗಿಲ್ಲ. ಆದ್ರ ಇದನ್ನ ಒಗೆಯೋದು ಬ್ಯಾಡ. ಒಂದು ಮಳಿಗಾಲ ನೋಡಮು" ಅಂದಿದ್ದೆ.

ಈಗ ನಾನು ಎಲ್ಲರಿಗೂ ಹೇಳೋದು ಅದನ್ನೇ. ಹೊಸ ಸಾಮಾನು ಮನೆಗೆ ಬರಲಿ. ಆದರೆ ಅದು ನಿಮ್ಮ ಊರಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ತಾಳಿಕೊಂಡು ತೋರಿಸೋವರೆಗೆ ಹಳೇದನ್ನು ಒಗೆಯಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್, ಸಿಗ್ನಲ್ ಎರಡೂ ಹೋಗುತ್ತವೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇಟ್ಟ ಫೋನಿನ ಬ್ಯಾಟರಿ ಉಬ್ಬುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಚೆನ್ನಾಗಿ ಓಡಿದ್ದು ಇಲ್ಲೂ ಓಡುತ್ತೆ ಅಂತ ಹೇಳಲಾಗದು.

ಹಳೇದು ಅಂದರೆ ನಾಚಿಕೆ ಬೇಡ

ಇದನ್ನು ಮೊದಲು ಹೇಳಲೇಬೇಕು, ಯಾಕಂದರೆ ನಮ್ಮ ಕಡೆ ಜನ ನಾಚಿಕೆಗೆ ಒಳ್ಳೆ ಸಾಮಾನು ಗುಜರಿಗೆ ಹಾಕುತ್ತಾರೆ. ನಾವು ಹಿಂದುಳಿದ ಜಿಲ್ಲೆಯವರು, ನಮ್ಮ ಹತ್ತಿರ ಇರೋದೆಲ್ಲ ಹಳೇದು, ಮುಂದುವರಿದ ಊರಲ್ಲಿ ಎಲ್ಲ ಹೊಸದು ಅಂತ ಒಂದು ನಂಬಿಕೆ ಕೂತುಬಿಟ್ಟಿದೆ. ಅದು ನಿಜ ಅಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನೋಡಿ. ಸಿಲಿಕಾನ್ ವ್ಯಾಲಿಯ ಪಕ್ಕದ ಊರು, ಜಗತ್ತಿನ ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳು ಇರೋ ಜಾಗ. ಆ ಊರೊಳಗೆ ಓಡೋ ಮುನಿ ಮೆಟ್ರೊ ರೈಲನ್ನು ನಡೆಸೋ ವ್ಯವಸ್ಥೆ 1998ರದ್ದು. ಅದರ ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ಐದೂಕಾಲು ಇಂಚಿನ ಫ್ಲಾಪಿ ಡಿಸ್ಕ್ (ಮಾಹಿತಿ ತುಂಬಿಡೋ ಹಳೆ ಕಾಲದ ತೆಳ್ಳನೆ ತಟ್ಟೆ) ಹಾಕಿ ಶುರು ಮಾಡುತ್ತಿದ್ದರು. ಅದನ್ನು ಬದಲಾಯಿಸೋಕೆ 21.2 ಕೋಟಿ ಡಾಲರಿನ ಗುತ್ತಿಗೆಗೆ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಜಪಾನ್ ಸರ್ಕಾರ ಕೂಡ ಫ್ಲಾಪಿಯಲ್ಲೇ ಅರ್ಜಿ ಕೊಡಿ ಅನ್ನೋ ಸಾವಿರಕ್ಕೂ ಜಾಸ್ತಿ ನಿಯಮಗಳನ್ನು ತೆಗೆದು ಮುಗಿಸಿದ್ದು 2024ರ ಜೂನ್‌ನಲ್ಲಿ. ಬುಲೆಟ್ ರೈಲು ಓಡಿಸೋ ದೇಶ ಅದು! ಇಂಗ್ಲೆಂಡಿನ ಸರ್ಕಾರಿ ದವಾಖಾನೆಗಳಿಗೆ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳಬೇಡಿ ಅಂತ ಹೇಳಿದ್ದು 2019ರಿಂದ. ಅಮೆರಿಕದ ಅಣ್ವಸ್ತ್ರ ಪಡೆಗೆ ಆದೇಶ ಕಳಿಸೋ ವ್ಯವಸ್ಥೆಯಲ್ಲಿ ಎಂಟು ಇಂಚಿನ ಫ್ಲಾಪಿ 2019ರವರೆಗೂ ಇತ್ತು.

ಬೆಂಗಳೂರೂ ಹಾಗೇ. ತಮ್ಮ ಇರೋ ಅಪಾರ್ಟ್‌ಮೆಂಟಲ್ಲಿ ಗೇಟಿಗೆ ಬಂದವರ ಹೆಸರು ಫೋನಿಗೆ ಬರುತ್ತದೆ. ಆದರೂ ಅಲ್ಲಿನ ವಾಚ್‌ಮನ್ ಮುಂದೆ ಒಂದು ಉದ್ದನೆ ನೋಟ್‌ಬುಕ್ ಇರುತ್ತದೆ, ದಾರ ಕಟ್ಟಿದ ಪೆನ್ ಇರುತ್ತದೆ. ನೆಟ್ ಹೋದ ದಿನ ಕೆಲಸ ನಡೆಯೋದು ಅದರಲ್ಲೇ.

ಆದರೆ ಅವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಹಳೆ ಯಂತ್ರ ಕೆಟ್ಟರೆ ಕೂಡಲೇ ನೋಡೋಕೆ ಸಂಬಳದ ಜನ ಇದ್ದಾರೆ. ನಮ್ಮೂರಲ್ಲಿ ಚಾರ್ಜರ್ ಪಿನ್ ಮುರಿದರೆ ಬಸ್ ಹತ್ತಿ ಜೇವರ್ಗಿಗೆ ಹೋಗಬೇಕು, ಅಲ್ಲಿ ಸಿಗದಿದ್ದರೆ ಕಲಬುರಗಿ ಸೂಪರ್ ಮಾರ್ಕೆಟ್ಟಿಗೆ. ಒಂದು ದಿನದ ಕೂಲಿ ಹೋಯಿತು. ಹಾಗಾಗಿ ನಾವು ಯಾವ ಹಳೇದನ್ನು ಇಟ್ಟುಕೊಳ್ಳಬೇಕು ಅನ್ನೋದಕ್ಕೆ ಸ್ವಲ್ಪ ಲೆಕ್ಕ ಬೇಕು. ನಾನು ಯಾವುದೇ ಸಾಮಾನು ಕೈಗೆ ತೆಗೆದುಕೊಂಡಾಗ ಕೇಳೋದು ಮೂರೇ ಮಾತು. ಕರೆಂಟ್ ಇಲ್ಲದೆ ಎಷ್ಟು ದಿನ ನಡೆಯುತ್ತದೆ? ನೆಟ್ ಇಲ್ಲದೆ ಇದರಿಂದ ಏನು ಕೆಲಸ ಆಗುತ್ತದೆ? ಕೆಟ್ಟರೆ ರಿಪೇರಿ ಮಾಡೋರು ಎಷ್ಟು ದೂರ ಇದ್ದಾರೆ? ಮೂರರಲ್ಲಿ ಎರಡಕ್ಕೆ ಒಳ್ಳೆ ಉತ್ತರ ಸಿಕ್ಕರೆ ಇಟ್ಟುಕೊಳ್ಳಿ.

ಫೋನು

ಹೆಚ್ಚು ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಸ ಕೀಪ್ಯಾಡ್ ಫೋನ್ ತಗೊಳ್ಳೋದಿದ್ದರೆ 4ಜಿ ಇರೋದನ್ನೇ ಕೇಳಿ ತಗೊಳ್ಳಿ. ಹಳೆಯವು 2ಜಿ, ಅಂದರೆ ಹಳೆ ಕಾಲದ ನೆಟ್‌ವರ್ಕಿನಲ್ಲಿ ಮಾತ್ರ ನಡೆಯೋವು. ಜಪಾನಿನಲ್ಲಿ 2ಜಿ 2012ರಲ್ಲೇ ಪೂರ್ತಿ ಬಂದ್ ಆಯಿತು. ಅಮೆರಿಕದಲ್ಲಿ ಒಂದು ದೊಡ್ಡ ಕಂಪನಿ 2017ರ ಜನವರಿ 1ಕ್ಕೆ ನಿಲ್ಲಿಸಿತು. ನಮ್ಮಲ್ಲಿ ಕೆಲವು ಕಂಪನಿಗಳು ಇನ್ನೂ 2ಜಿ ನಡೆಸುತ್ತಿವೆ. ಜಿಯೊದಲ್ಲಿ ಮೊದಲಿಂದಲೂ 2ಜಿ ಇಲ್ಲ, ಆ ಸಿಮ್ ಹಳೆ ಫೋನಿಗೆ ಹಾಕಿದರೆ ಏನೂ ಆಗಲ್ಲ. ಈಗ ಇರೋ 2ಜಿ ಫೋನ್ ಚೆನ್ನಾಗಿ ನಡೆಯುತ್ತಿದ್ದರೆ ನಡೆಯಲಿ. ಆದರೆ ಮುಂದಿನದು ಕೊಳ್ಳುವಾಗ ಈ ಮಾತು ನೆನಪಿರಲಿ.

ಬ್ಯಾಟರಿ ಬಿಚ್ಚಲು ಬರೋ ಫೋನನ್ನೇ ತಗೊಳ್ಳಿ. ಬಿಎಲ್-5ಸಿ ಅನ್ನೋ ಚಪ್ಪಟೆ ಬ್ಯಾಟರಿ ಗೊತ್ತಲ್ವಾ, ನೋಕಿಯಾ ಫೋನುಗಳಿಂದ ಬಂದದ್ದು, ಅದೇ ಬ್ಯಾಟರಿ ಈಗಲೂ ಎಷ್ಟೋ ಕೀಪ್ಯಾಡ್ ಫೋನಿಗೆ, ಸಣ್ಣ ರೇಡಿಯೊಗೆ, ಹಾಡು ಹಾಕೋ ಸ್ಪೀಕರಿಗೆ ಹೊಂದುತ್ತದೆ. ನಮ್ಮ ಮನೆಯಲ್ಲಿ ಫೋನು, ರೇಡಿಯೊ ಎರಡಕ್ಕೂ ಅದೇ. ಈಗ ಒಂದು ಜಾಸ್ತಿ ತಂದು ಚಾರ್ಜ್ ಮಾಡಿ ಇಟ್ಟಿದ್ದೇನೆ. ಕರೆಂಟ್ ಹೋದ ಮೂರು ದಿನ ನಮ್ಮನ್ನು ಕಾಪಾಡಿದ್ದು ಎರಡಕ್ಕೂ ಒಂದೇ ಬ್ಯಾಟರಿ ಹೊಂದೋದು: ಎರಡನೇ ದಿನ ರಾತ್ರಿ ಅವ್ವನ ಫೋನ್ ಆರಿದಾಗ ರೇಡಿಯೊದ ಬ್ಯಾಟರಿ ತೆಗೆದು ಹಾಕಿದೆವು. ಬ್ಯಾಟರಿ ಹೊಟ್ಟೆ ಉಬ್ಬಿದ್ದರೆ ಮಾತ್ರ ಒಂದು ದಿನವೂ ಇಟ್ಟುಕೊಳ್ಳಬೇಡಿ. ಚುಚ್ಚಬೇಡಿ, ಒಲೆಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಅಂಗಡಿಗೆ ವಾಪಸ್ ಕೊಟ್ಟುಬಿಡಿ.

ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೀಪ್ಯಾಡ್ ಫೋನಲ್ಲಿ ಮೆಸೇಜ್ ಇಡೋ ಜಾಗ ಕಡಿಮೆ. ಅದು ತುಂಬಿದರೆ ಹೊಸ ಮೆಸೇಜ್ ಬರೋದೇ ಇಲ್ಲ, ಅಂದರೆ ಒಟಿಪಿಯೂ ಬರಲ್ಲ. ಬ್ಯಾಂಕಿನ ಮುಂದೆ ನಿಂತು "ಒಟಿಪಿ ಬಂದಿಲ್ರೀ" ಅಂತ ವಾಪಸ್ ಬಂದ ಕಾಕಾನವರನ್ನು ನಾನೇ ನೋಡಿದ್ದೇನೆ. ಅವರ ಫೋನ್ ತೆಗೆದು ನೋಡಿದರೆ ಲಾಟರಿ, ಸಾಲ, ರೀಚಾರ್ಜ್ ಅಂತ ಬರೀ ಜಾಹೀರಾತಿನ ಮೆಸೇಜ್ ತುಂಬಿದ್ದವು. ತಿಂಗಳಿಗೊಮ್ಮೆ ಎಲ್ಲ ಅಳಿಸಿ. ಜಾಹೀರಾತು ಬರೋದನ್ನೇ ನಿಲ್ಲಿಸಬೇಕು ಅಂದರೆ 1909ಕ್ಕೆ ಫೋನ್ ಮಾಡಿ ಹೇಳಬಹುದು.

ಕನ್ನಡ ಮೆಸೇಜ್ ಹಳೆ ಫೋನಲ್ಲಿ ಚೌಕ ಚೌಕವಾಗಿ ಕಾಣುತ್ತದೆ. ಅದು ಫೋನಿನಲ್ಲಿ ಕನ್ನಡ ಅಕ್ಷರ ಇಲ್ಲದ್ದಕ್ಕೆ. ಅಂಗಡಿಯಲ್ಲಿ ಫೋನ್ ಕೊಳ್ಳೋ ಮುಂಚೆ ಇನ್ನೊಂದು ಫೋನಿಂದ ಅದಕ್ಕೆ ಒಂದು ಕನ್ನಡ ಮೆಸೇಜ್ ಕಳಿಸಿ ನೋಡಿ, ಓದಲು ಬಂದರೆ ಮಾತ್ರ ದುಡ್ಡು ಕೊಡಿ. ಮೆಸೇಜ್ ನೀವು ಕಳಿಸುವಾಗ ಇನ್ನೊಂದು ಲೆಕ್ಕ ಇದೆ. ಇಂಗ್ಲಿಷಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ಸ್ವಲ್ಪ ಉದ್ದ ಬರೆದರೆ ಎರಡು ಮೂರು ಮೆಸೇಜಿನ ದುಡ್ಡು ಹೋಗುತ್ತದೆ. ನಮ್ಮ ಭಾಷೆಗೆ ಯಾಕೆ ಜಾಸ್ತಿ ದುಡ್ಡು ಅಂತ ನನಗೆ ಈಗಲೂ ಬೇಜಾರಿದೆ.

ರೀಚಾರ್ಜ್ ವಿಷಯ. ನೆಟ್ ಬಳಸದ ಅವ್ವನ ಫೋನಿಗೆ ನೆಟ್ ಇರೋ ಪ್ಯಾಕ್ ಹಾಕಿಸೋದು ಸುಮ್ನೆ ದುಡ್ಡು ದಂಡ. ಬರೀ ಕಾಲ್ ಮತ್ತು ಮೆಸೇಜ್ ಇರೋ ಪ್ಯಾಕ್ ಕೊಡಲೇಬೇಕು ಅಂತ ಫೋನ್ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ, ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳಲ್ಲ. "ನೆಟ್ ಬ್ಯಾಡ, ಕಾಲ್ ಮತ್ತ ಮೆಸೇಜ್ ಅಷ್ಟೇ ಇರೋದು ಹಾಕ್ರಿ" ಅಂತ ನೀವೇ ಕೇಳಬೇಕು.

ಸಿಮ್ಮನ್ನು ಮಾತ್ರ ಕಳೆದುಕೊಳ್ಳಬೇಡಿ. ಆಧಾರ್, ಬ್ಯಾಂಕು, ಗೃಹಲಕ್ಷ್ಮಿ ದುಡ್ಡು ಬಂದ ಮೆಸೇಜು, ಎಲ್ಲ ಆ ನಂಬರಿಗೇ ಬರೋದು. 90 ದಿನ ಒಂದು ಕಾಲ್, ಒಂದು ಮೆಸೇಜ್ ಏನೂ ಇಲ್ಲದಿದ್ದರೆ ಕಂಪನಿ ಆ ನಂಬರ್ ಬಂದ್ ಮಾಡಬಹುದು, ಆಮೇಲೆ ಬೇರೆಯವರಿಗೂ ಕೊಡಬಹುದು. ನಿಮ್ಮ ಒಟಿಪಿ ಗುರುತಿಲ್ಲದವರ ಫೋನಿಗೆ ಹೋಗೋದು ಅಂದರೆ ಎಷ್ಟು ಅಪಾಯ ನೋಡಿ. ಗುಳೆ ಹೋಗೋರು ಊರಲ್ಲಿ ಹಳೆ ಸಿಮ್ ಬಿಟ್ಟು ಹೋಗುತ್ತಾರೆ, ವಾಪಸ್ ಬರೋ ಹೊತ್ತಿಗೆ ನಂಬರ್ ಇರಲ್ಲ. ಜೊತೆಗೆ ಒಯ್ಯಿರಿ.

ನೆಟ್ ಇಲ್ಲದೆ ದುಡ್ಡು ಕಳಿಸೋದು

ಟಚ್ ಫೋನ್ ಇಲ್ಲದಿದ್ದರೆ ಯುಪಿಐ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಇದೆ. *99# ಅಂತ ಒತ್ತಿ ಕಾಲ್ ಬಟನ್ ಒತ್ತಿದರೆ ಪರದೆ ಮೇಲೆ ಪಟ್ಟಿ ಬರುತ್ತದೆ, ನೆಟ್ ಬೇಕಿಲ್ಲ. 2014ರಿಂದ ದೇಶದಲ್ಲೆಲ್ಲ ಇದೆ, ಕನ್ನಡದಲ್ಲೂ ಇದೆ. ಬ್ಯಾಲೆನ್ಸ್ ನೋಡಬಹುದು, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು.

ಮೊದಲ ಸಲ ಮಾಡುವಾಗ ಬ್ಯಾಂಕಿಗೆ ಕೊಟ್ಟ ಅದೇ ಸಿಮ್ ಫೋನಲ್ಲಿ ಇರಬೇಕು, ಕೈಯಲ್ಲಿ ಎಟಿಎಂ ಕಾರ್ಡ್ ಇರಬೇಕು. ಬ್ಯಾಂಕಿನ ಹೆಸರು ಇಲ್ಲವೇ ಐಎಫ್‌ಎಸ್‌ಸಿಯ (ಪಾಸ್‌ಬುಕ್ಕಿನಲ್ಲಿರೋ ಬ್ಯಾಂಕ್ ಶಾಖೆಯ ಕೋಡಿನ) ಮೊದಲ ನಾಲ್ಕು ಅಕ್ಷರ ಕೇಳುತ್ತದೆ. ಪಿನ್ ಇಡೋಕೆ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅದರ ಅವಧಿ ಮುಗಿಯೋ ತಿಂಗಳು, ವರ್ಷ ಕೇಳುತ್ತದೆ. ಇದೆಲ್ಲ ಒಂದು ಚೀಟಿಯಲ್ಲಿ ಮೊದಲೇ ಬರೆದುಕೊಂಡು ಕೂತುಕೊಳ್ಳಿ. ನಾನು ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ನಾವು ಉತ್ತರ ಕೊಡೋದು ತಡ ಆದರೆ ಪರದೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿಂದ ಶುರು. ನನಗೆ ಅವ್ವನ ಫೋನಲ್ಲಿ ಮಾಡೋಕೆ ನಾಲ್ಕು ಸಲ ಬೇಕಾಯಿತು. ಕೆಲಸ ಮುಗಿದ ಮೇಲೆ ಚೀಟಿ ಹರಿದು ಒಲೆಗೆ ಹಾಕಿ. ಎಲ್ಲ ಕಂಪನಿಯ ಸಿಮ್ಮಿನಲ್ಲೂ ಇದು ನಡೆಯಲ್ಲ, ಮೊದಲು ಬರೀ *99# ಒತ್ತಿ ಪಟ್ಟಿ ಬರುತ್ತದಾ ನೋಡಿ.

ಇದು ಕಷ್ಟ ಅನ್ನಿಸಿದರೆ ಯುಪಿಐ 123ಪೇ ಅಂತ ಇನ್ನೊಂದಿದೆ, ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಶುರು ಮಾಡಿದ್ದು. ಒಂದು ನಂಬರಿಗೆ ಫೋನ್ ಮಾಡಿ, ಅದು ಹೇಳೋದನ್ನು ಕೇಳಿ ಬಟನ್ ಒತ್ತುತ್ತಾ ಹೋದರೆ ದುಡ್ಡು ಹೋಗುತ್ತದೆ. ಓದಲು ಬಾರದವರಿಗೆ ಇದೇ ಒಳ್ಳೇದು. ಮಿತಿ 10,000 ರೂಪಾಯಿ. ಆ ನಂಬರನ್ನು ಬ್ಯಾಂಕಿನಲ್ಲೇ ಕೇಳಿ ಪಾಸ್‌ಬುಕ್ ಮೇಲೆ ಬರೆಸಿಕೊಳ್ಳಿ. ಯಾರೋ ಮೆಸೇಜ್ ಕಳಿಸಿದ ನಂಬರ್ ನಂಬಬೇಡಿ.

ನಿಮಗೆ ದುಡ್ಡು ಬರಬೇಕಾದರೆ ಪಿನ್ ಒತ್ತೋದು ಬೇಕೇ ಇಲ್ಲ. ಯಾರಾದರೂ "ದುಡ್ಡು ಹಾಕ್ತೀನಿ, ಪಿನ್ ಒತ್ರಿ" ಅಂದರೆ ಅವನು ಕಳ್ಳ. ಫೋನ್ ಇಟ್ಟುಬಿಡಿ. ದುಡ್ಡು ಹೋಗೇಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅಂತ ಬಿಟ್ಟರೆ ಆ ದುಡ್ಡು ಕೈಯಿಂದ ಕೈಗೆ ದಾಟಿ ಹೋಗಿರುತ್ತದೆ.

ಹೆಬ್ಬೆಟ್ಟು ಹತ್ತದಿದ್ದರೆ

ಹತ್ತಿ ಬಿಡಿಸೋರ, ಕಲ್ಲಿನ ಗಣಿಯಲ್ಲಿ ದುಡಿದವರ, ಸಿಮೆಂಟ್ ಕೆಲಸ ಮಾಡೋರ ಬೆರಳಿನ ಗೆರೆ ಸವೆದು ಹೋಗಿರುತ್ತದೆ. ರೇಷನ್ ಅಂಗಡಿಯ ಯಂತ್ರ ಹೊಸದು, ಬೆರಳು ಹಳೇದು. ಆ ಯಂತ್ರ ಮಾಡಿದವರು ನಮ್ಮ ಆಯಿಯ ಕೈ ನೋಡಿರಲಿಲ್ಲ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಹಿಂದಿನ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಲಿ. ಬೆಳಿಗ್ಗೆ ಬಿಸಿ ನೀರಲ್ಲಿ ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿಕೊಂಡು ಹೋಗಲಿ. ಎಣ್ಣೆ ಜಿಡ್ಡು ಉಳಿದಿದ್ದರೆ ಯಂತ್ರ ಓದಲ್ಲ, ಬೆರಳು ಪೂರ್ತಿ ಒಣಗಿ ಬಿರುಕು ಬಿಟ್ಟಿದ್ದರೂ ಓದಲ್ಲ. ಯಂತ್ರದ ಗಾಜನ್ನು ಒಮ್ಮೆ ಬಟ್ಟೆಯಿಂದ ಒರೆಸಿ ಅಂತ ಅಂಗಡಿಯವರಿಗೆ ಹೇಳಿ. ಹೆಬ್ಬೆಟ್ಟು ಬಿಟ್ಟು ಉಂಗುರದ ಬೆರಳು, ನಡು ಬೆರಳು ಇಟ್ಟು ನೋಡಿ, ಕೆಲಸ ಕಡಿಮೆ ಮಾಡೋ ಕೈಯ ಬೆರಳಲ್ಲಿ ಗೆರೆ ಉಳಿದಿರುತ್ತದೆ. ಯಾವ ಬೆರಳು ಹತ್ತಿತು ಅಂತ ರೇಷನ್ ಕಾರ್ಡಿನ ಕವರ್ ಮೇಲೆ ಬರೆದಿಡಿ. ಪ್ರತಿ ತಿಂಗಳೂ ಹುಡುಕೋದು ತಪ್ಪುತ್ತದೆ.

ಯಾವ ಬೆರಳೂ ಹತ್ತದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು, ಕಣ್ಣು ಹೊಸದಾಗಿ ಕೊಡಬಹುದು. ಅಲ್ಲಿಯವರೆಗೆ? ಬೆರಳು ಹತ್ತಲಿಲ್ಲ ಅನ್ನೋ ಒಂದೇ ಕಾರಣಕ್ಕೆ ರೇಷನ್ ಇಲ್ಲ ಅನ್ನುವಂತಿಲ್ಲ, ಇದನ್ನು ಕೇಂದ್ರ ಸರ್ಕಾರವೇ 2017ರಲ್ಲಿ ರಾಜ್ಯಗಳಿಗೆ ಬರೆದು ತಿಳಿಸಿದೆ. ಒಟಿಪಿ ಮೇಲೆ ಕೊಡಬಹುದು, ಇಲ್ಲವೇ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬಹುದು. ಮರ್ಯಾದೆಯಿಂದ ಆದರೆ ಗಟ್ಟಿಯಾಗಿ ಕೇಳಿ. ಕೊಡದಿದ್ದರೆ ರೇಷನ್ ದೂರಿನ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ಮುದುಕಿಯೊಬ್ಬಳು ಮೂರು ಸಲ ನಡೆದು ಬರೋದು ತಪ್ಪಿದರೆ ಅಷ್ಟೇ ಸಾಕು ನನಗೆ.

ಚೀಟಿ, ಪಹಣಿ, ಕಾಗದ

ನಮ್ಮ ಪಹಣಿ ಮೊದಲು ಕೈಬರಹದಲ್ಲಿ ಇರುತ್ತಿತ್ತು. ಭೂಮಿ ಯೋಜನೆ ಬಂದು 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಒಳ್ಳೇದಾಯಿತು, ನಾನು ಅದರ ವಿರುದ್ಧ ಅಲ್ಲ. ಆದರೂ ನಿಮ್ಮ ಮುತ್ಯಾನ ಕಾಲದ ಕೈಬರಹದ ಕಾಗದ ಇದ್ದರೆ ಒಗೆಯಬೇಡಿ. ಕಂಪ್ಯೂಟರಿಗೆ ಏರಿಸುವಾಗ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಸರಿ ಮಾಡಿಸೋಕೆ ಬೇಕಾಗೋದು ಅದೇ ಹಳೆ ಕಾಗದ. ಪಹಣಿಯನ್ನು ವರ್ಷಕ್ಕೊಮ್ಮೆ ನಾಡಕಚೇರಿಯಲ್ಲಿ ಇಲ್ಲವೇ ಪಂಚಾಯ್ತಿ ಸೇವಾ ಕೇಂದ್ರದಲ್ಲಿ ತೆಗೆಸಿ ಹೆಸರು, ಸರ್ವೆ ನಂಬರ್, ಎಕರೆ ಗುಂಟೆ ಎಲ್ಲ ಓದಿ ನೋಡಿ.

ಇನ್ನು ನುಣುಪು ಕಾಗದದ ಚೀಟಿಗಳು. ಎಟಿಎಂ ಚೀಟಿ, ರೇಷನ್ ಚೀಟಿ, ತೂಕದ ಚೀಟಿ, ಇವನ್ನು ಶಾಯಿಯಿಂದ ಬರೆದಿರಲ್ಲ. ಬಿಸಿ ತಾಗಿದರೆ ಕಪ್ಪಾಗೋ ಕಾಗದ ಅದು. ನಮ್ಮ ಬೇಸಿಗೆಗೆ ಜೇಬಿನಲ್ಲೇ ಮಾಸಿ ಹೋಗುತ್ತದೆ. ತೊಗರಿ ಮಾರಿದ ತೂಕದ ಚೀಟಿಯನ್ನು ನಾನು ಒಂದು ಸಲ ಭದ್ರವಾಗಿರಲಿ ಅಂತ ಲ್ಯಾಮಿನೇಷನ್ ಮಾಡಿಸಲು ಕೊಟ್ಟೆ. ಯಂತ್ರದ ಬಿಸಿಗೆ ಪೂರ್ತಿ ಕಪ್ಪಾಗಿ ಹೊರಗೆ ಬಂತು, ಒಂದು ಅಂಕಿಯೂ ಉಳಿಯಲಿಲ್ಲ. ಅಂಥ ಚೀಟಿ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಜೆರಾಕ್ಸನ್ನು ಇಟ್ಟುಕೊಳ್ಳಿ. ಕರ ಕರ ಸದ್ದು ಮಾಡುತ್ತಾ ಕಾರ್ಬನ್ ಹಾಳೆ ಮೇಲೆ ಹೊಡೆಯೋ ಹಳೆ ಪ್ರಿಂಟರ್ ಕೆಲವು ಅಂಗಡಿಯಲ್ಲಿ ಇನ್ನೂ ಇದೆಯಲ್ವಾ, ಅದರ ಚೀಟಿ ವರ್ಷಗಟ್ಟಲೆ ಉಳಿಯುತ್ತದೆ.

ಮೋಟರ್ ಮತ್ತು ಸ್ಟಾರ್ಟರ್

ಈಗ ಹೊಲದ ಮಾತು. ಮೊಬೈಲ್ ಸ್ಟಾರ್ಟರ್ ಬಂದ ಮೇಲೆ ರೈತರ ಜೀವ ನಿಜವಾಗಲೂ ಉಳಿದಿದೆ. ರಾತ್ರಿ ಎರಡಕ್ಕೆ ಮೂರು ಫೇಸ್ ಕರೆಂಟ್ ಬಂದರೆ ಹಾವು ಚೇಳಿನ ನಡುವೆ ಬರಿಗಾಲಲ್ಲಿ ಹೊಲಕ್ಕೆ ಓಡೋದು ತಪ್ಪಿತು. ಮನೆಯಿಂದಲೇ ಒಂದು ಕಾಲ್ ಮಾಡಿದರೆ ಮೋಟರ್ ಚಾಲೂ. ತಗೊಳ್ಳಿ, ಖಂಡಿತ ತಗೊಳ್ಳಿ.

ಆದರೆ ಅಂಗಡಿಯವರು ಹಳೆ ಸ್ಟಾರ್ಟರ್ ಡಬ್ಬಿ ವಾಪಸ್ ಕೊಟ್ಟರೆ ಇಷ್ಟು ಕಡಿಮೆ ಮಾಡುತ್ತೇನೆ ಅನ್ನುತ್ತಾರೆ. ಕೊಡಬೇಡಿ. ಹೊಸ ಮೊಬೈಲ್ ಸ್ಟಾರ್ಟರಿನೊಳಗೂ ಒಂದು ಸಿಮ್ ಇರುತ್ತದೆ. ಅದಕ್ಕೆ ರೀಚಾರ್ಜ್ ಬೇಕು, ಹೊಲದಲ್ಲಿ ಸಿಗ್ನಲ್ ಬೇಕು. ಸಿಡಿಲಿಗೆ ಒಳಗಿನ ಬೋರ್ಡ್ ಸುಟ್ಟರೆ ಊರಿನ ಮೆಕ್ಯಾನಿಕ್ ಕೈಯಲ್ಲಿ ಆಗಲ್ಲ, ಕಂಪನಿಗೆ ಕಳಿಸಬೇಕು. ತೊಗರಿ ಹೂವು ಬಿಡೋ ಹೊತ್ತಿಗೆ ಹಾಗಾದರೆ ಹದಿನೈದು ದಿನ ಕಾಯೋಕೆ ಆಗುತ್ತಾ? ಹಳೆ ಡಬ್ಬಿಯಾದರೆ ಒಳಗಿನ ಸುರುಳಿ ಸುಟ್ಟರೂ ಊರಲ್ಲೇ ಬದಲಾಯಿಸುತ್ತಾರೆ. ಎರಡನ್ನೂ ಒಂದೇ ಹಲಗೆ ಮೇಲೆ ಕೂರಿಸಿ, ನಡುವೆ ಬದಲಿಸೋ ಸ್ವಿಚ್ ಹಾಕಿಸಿ. ಈ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ, ನೀವು ತಂತಿ ಮುಟ್ಟಬೇಡಿ. ಒಂದು ಫೇಸ್ ಹೋದರೆ ಮೋಟರನ್ನು ನಿಲ್ಲಿಸೋ ಸಾಧನ ಸರಿ ಇದೆಯಾ ಅಂತ ಅವರ ಕೈಯಲ್ಲೇ ನೋಡಿಸಿ, ಮೋಟರ್ ಸುಡೋದು ಜಾಸ್ತಿ ಅದರಿಂದಲೇ.

ಕರೆಂಟ್ ಬಂದ ಕೂಡಲೇ ತಾನಾಗಿ ಚಾಲೂ ಆಗೋ ಹಾಗೆ ಇಟ್ಟಿದ್ದರೆ ಇನ್ನೊಂದು ತೊಂದರೆ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಹತ್ತು ಮೋಟರ್ ಒಂದೇ ಕ್ಷಣಕ್ಕೆ ಎದ್ದರೆ ಟಿಸಿ ತಡೆಯಲ್ಲ. ಮೋಟರ್ ಏಳುವಾಗ ಓಡುವಾಗಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಟಿಸಿ ಸುಟ್ಟರೆ ಎಲ್ಲರ ಬೆಳೆಯೂ ಒಣಗುತ್ತದೆ. ಸ್ಟಾರ್ಟರಿನಲ್ಲಿ ಎಷ್ಟು ನಿಮಿಷ ತಡೆದು ಚಾಲೂ ಆಗಬೇಕು ಅಂತ ಇಡಲು ಬರುತ್ತದೆ. ಪಕ್ಕದ ಹೊಲದವರ ಜೊತೆ ಕೂತು ಮಾತಾಡಿ, ಒಬ್ಬರು ಎರಡು ನಿಮಿಷ, ಇನ್ನೊಬ್ಬರು ನಾಲ್ಕು, ಮತ್ತೊಬ್ಬರು ಆರು ಅಂತ ಹಂಚಿಕೊಳ್ಳಿ. ನಾವು ಐದು ಜನ ಹೀಗೆ ಮಾಡಿಕೊಂಡಿದ್ದೇವೆ.

ಡಬ್ಬಿ ತೆಗೆಯೋ ಮುಂಚೆ ಟಾರ್ಚಿನ ಬೆಳಕು ಬಿಟ್ಟು ನೋಡಿ. ಒಳಗೆ ಬೆಚ್ಚಗಿರುತ್ತದೆ, ಹಾವು ಬಂದು ಕೂರುತ್ತದೆ.

ರೇಡಿಯೊ, ಟಾರ್ಚ್

ಎಫ್‌ಎಂ ಮಾತ್ರ ಇರೋ ರೇಡಿಯೊ ಹಳ್ಳಿಗೆ ಸಾಲದು. ಎಫ್‌ಎಂ ಅಲೆ ಹೆಚ್ಚು ದೂರ ಹೋಗಲ್ಲ, ಮೀಡಿಯಂ ವೇವ್ ಹೋಗುತ್ತದೆ, ಕತ್ತಲಾದ ಮೇಲೆ ಇನ್ನೂ ದೂರ. ಎರಡೂ ಇರೋದನ್ನು ಕೇಳಿ ತಗೊಳ್ಳಿ. ಮೀಡಿಯಂ ವೇವಿಗೆ ಇನ್ನೊಂದು ಗುಣ ಇದೆ: ಎಲ್ಲಾದರೂ ಸಿಡಿಲು ಹೊಡೆದರೆ ಅದರಲ್ಲಿ ಚರಚರ ಸದ್ದು ಬರುತ್ತದೆ. ಹೊಲದಲ್ಲಿ ರೇಡಿಯೊ ಹಚ್ಚಿಕೊಂಡು ಕಳೆ ತೆಗೆಯುವಾಗ ಆ ಸದ್ದು ಪದೇ ಪದೇ ಬರೋಕೆ ಶುರುವಾದರೆ ತಲೆ ಎತ್ತಿ ಆಕಾಶ ನೋಡಿ. ಮಿಂಚು ಕಂಡಾಗಿಂದ ಗುಡುಗು ಕೇಳೋವರೆಗೆ ಎಣಿಸಿ, 30 ಎಣಿಸೋದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಅಂತ ಅರ್ಥ, ಕೆಲಸ ಬಿಟ್ಟು ಪಕ್ಕಾ ಮನೆಯೊಳಗೆ ಹೋಗಿ. ಬೇವಿನ ಗಿಡದ ಕೆಳಗೆ ನಿಲ್ಲಲೇಬೇಡಿ, ನಮ್ಮ ಕಡೆ ಸಾವು ಆಗೋದು ಹಾಗೇ. ಟಚ್ ಫೋನ್ ಇದ್ದವರು ದಾಮಿನಿ ಅನ್ನೋ ಆ್ಯಪ್ ಹಾಕಿಕೊಳ್ಳಿ, ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಬಹಳ ಒಳ್ಳೇದು. ಕೀಪ್ಯಾಡ್ ಇದ್ದವರಿಗೆ ಮಳೆ ವಿಷಯ ಫೋನಲ್ಲೇ ಹೇಳೋ ರಾಜ್ಯದ ವರುಣ ಮಿತ್ರ ಸಹಾಯವಾಣಿ ಇದೆ, ನಂಬರ್ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಟಾರ್ಚ್, ರೇಡಿಯೊ ಬಳಸದಿದ್ದಾಗ ಸೆಲ್ ತೆಗೆದಿಡಿ. ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿದಿದ್ದರೆ ಉಪ್ಪುಕಾಗದದಿಂದ ತಿಕ್ಕಿ ಒರೆಸಿ. ಕೆಟ್ಟಿದೆ ಅಂತ ಒಗೆದ ಎಷ್ಟೋ ರೇಡಿಯೊಗಳ ರೋಗ ಇಷ್ಟೇ.

ಹಳೇದು ತಾನಾಗಿ ನಡೆಯಲ್ಲ, ಕೈ ಆಡಿಸಬೇಕು. ಬೀದರಿನ ನೌಬಾದಿನಲ್ಲಿ ಸುರಂಗ ಬಾವಿ ನೋಡಿದ್ದೀರಾ? ಬಹಮನಿ ಸುಲ್ತಾನರ ಕಾಲದ್ದು. ಕರೆಂಟ್ ಇಲ್ಲ, ಮೋಟರ್ ಇಲ್ಲ, ನೆಲದೊಳಗಿನ ಇಳಿಜಾರಿನಲ್ಲೇ ನೀರು ಹರಿಯುತ್ತದೆ. ಅಂಥ ಗಟ್ಟಿ ಕೆಲಸವೂ ಹೂಳು ತೆಗೆಯೋರು ಇಲ್ಲದೆ ಮುಚ್ಚಿಹೋಗಿತ್ತು, ಈಚೆಗೆ ಮತ್ತೆ ಹೂಳು ತೆಗೆದು ಬಿಡಿಸಿದರು. ನನಗೆ ಅದನ್ನು ನೋಡಿದಾಗ ಹೊಟ್ಟೆ ತುಂಬಿತು.

ಯಾವುದನ್ನು ಒಗೆಯಬೇಕು

ಎಲ್ಲ ಹಳೇದೂ ಒಳ್ಳೇದಲ್ಲ. ಚಿಮಣಿ ಬುಡ್ಡಿ ಬೇಡ, ಮಕ್ಕಳಿರೋ ಮನೆಯಲ್ಲಂತೂ ಬೇಡವೇ ಬೇಡ, ಒಂದು ಸೋಲಾರ್ ದೀಪ ತನ್ನಿ. ಹಳದಿ ಬಲ್ಬ್ ತೆಗೆದು ಎಲ್‌ಇಡಿ ಹಾಕಿ. ಸಿಪ್ಪೆ ಎದ್ದ ವೈರಿಗೆ ಪಟ್ಟಿ ಸುತ್ತಿ ನಡೆಸಬೇಡಿ. ದೊಡ್ಡ ಹೊಟ್ಟೆಯ ಹಳೆ ಟಿವಿ ಕೆಟ್ಟರೆ ಒಡೆಯಬೇಡಿ, ಗಾಜಿನಲ್ಲಿ ಸೀಸ ಇರುತ್ತದೆ. ಇನ್ವರ್ಟರ್ ಬ್ಯಾಟರಿ ಸತ್ತರೆ ಬಾವಿ ಹತ್ತಿರ ಇಡಬೇಡಿ, ಹೊಸದು ಕೊಳ್ಳೋ ಅಂಗಡಿಗೇ ಕೊಡಿ, ದುಡ್ಡೂ ಮುರಿದುಕೊಳ್ಳುತ್ತಾರೆ. ತಮ್ಮಂದಿರು ಬಳಸಿ ಊರಿಗೆ ಕಳಿಸಿದ ಏಳೆಂಟು ವರ್ಷ ಹಳೆಯ ಟಚ್ ಫೋನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಅದಕ್ಕೆ ಕಂಪನಿಯಿಂದ ರಕ್ಷಣೆಯ ಅಪ್‌ಡೇಟ್ ಬರೋದು ನಿಂತಿರುತ್ತದೆ. ಆ ಕೆಲಸಕ್ಕೆ ಕೀಪ್ಯಾಡ್ ಫೋನೇ ಮೇಲು.

ಮಿರಗ ಮಳೆ ಕೂಡೋದಕ್ಕೆ ಒಂದು ವಾರ ಮುಂಚೆ, ಅಂದರೆ ಜೂನ್ ಶುರುವಾಗುತ್ತಿದ್ದಂತೆ, ನಾನು ಒಂದು ದಿನ ಇದಕ್ಕೇ ಇಡುತ್ತೇನೆ. ಜಾಸ್ತಿ ಬ್ಯಾಟರಿ ಚಾರ್ಜ್ ಮಾಡೋದು, ಅವ್ವನ ಫೋನಿನ ಮೆಸೇಜ್ ಅಳಿಸೋದು, ಸ್ಟಾರ್ಟರಿನ ಸಿಮ್ಮಿಗೆ ರೀಚಾರ್ಜ್, ಹಳೆ ಡಬ್ಬಿಯಲ್ಲಿ ಒಮ್ಮೆ ಮೋಟರ್ ಚಾಲೂ ಮಾಡಿ ನೋಡೋದು, ಟಾರ್ಚಿಗೆ ಹೊಸ ಸೆಲ್. ಕೊನೆಗೆ ಇಪ್ಪತ್ತು ನಂಬರ್ ಪಡಸಾಲೆಯ ಗೋಡೆ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಲೈನ್‌ಮನ್, ಆಶಾ ಅಕ್ಕ, 108, ದನದ ಡಾಕ್ಟರ್, ತಮ್ಮ, ಮಾವ, ಪಂಚಾಯ್ತಿ. ಹೋದ ವರ್ಷ ಆ ಮೂರು ದಿನ ಕಟ್ಟೆಗೆ ಬಂದವರಲ್ಲಿ ಅರ್ಧ ಜನಕ್ಕೆ ತಮ್ಮ ಮಗನ ನಂಬರ್ ನೆನಪಿರಲಿಲ್ಲ. ನಂಬರ್ ಇದ್ದದ್ದು ಆರಿಹೋದ ಫೋನಿನೊಳಗೆ. ಈ ವರ್ಷ ಅವರ ಮಕ್ಕಳ ನಂಬರೂ ನಮ್ಮ ಗೋಡೆ ಮೇಲಿವೆ.